ನನ್ನ ಐದು ನಿಯಮ, ಅಜ್ಜಿಯ ಮೂರು ಚೀಲ

ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಾನು ಕಲಿತದ್ದು ಇಷ್ಟೇ: ಮಕ್ಕಳು ನಿಯಮ ಮುರಿದರೆ ಹೇಗಾದರೂ ಸುಧಾರಿಸಬಹುದು, ಪಾಲಿಸಲು ಹೊರಟರೆ ಮಾತ್ರ ದೇವರೇ ಗತಿ. ಅದರಲ್ಲೂ "ಇಂಟರ್ನೆಟ್ಟಿನಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು" ಎಂಬುದನ್ನು ಮಕ್ಕಳಿಗೆ ಕಲಿಸುವ ಕೆಲಸ ನನ್ನ ಕೊರಳಿಗೆ ಬಿದ್ದ ಮೇಲೆ, ವಾರಕ್ಕೊಂದಾದರೂ ಇಂಥದ್ದು ಆಗುತ್ತಲೇ ಇರುತ್ತದೆ.

ಈ ಕೆಲಸ ನನ್ನ ಕೊರಳಿಗೇ ಏಕೆ ಬಿತ್ತು ಎಂಬುದಕ್ಕೆ ಒಂದು ನಾಚಿಕೆಗೇಡಿನ ಕಾರಣವಿದೆ. ನನ್ನ ಮನೆ ಹೊನ್ನಾವರದಲ್ಲಿ. ಶಾಲೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಬದಿಗೆ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕಿನ ಹೈಸ್ಕೂಲು ಮಕ್ಕಳಿಗೆ ಹೊನ್ನಾವರದಲ್ಲಿ ವರ್ಷಕ್ಕೊಮ್ಮೆ ಪ್ರಾಜೆಕ್ಟ್ ಪ್ರದರ್ಶನ ನಡೆಯುತ್ತದೆ. ಹೋದ ವರ್ಷ ನಮ್ಮ ಶಾಲೆಯಿಂದ ಎಂಟನೇ ತರಗತಿಯ ಒಬ್ಬ ಹುಡುಗಿ "ಅರಿಶಿನದ ನೂರು ಉಪಯೋಗಗಳು" ಎಂಬ ಚಾರ್ಟಿನ ಪಕ್ಕ ನಿಂತಿದ್ದಳು. ಮಾತು ಕಡಿಮೆ, ಸ್ವರ ಇನ್ನೂ ಕಡಿಮೆ. ತೀರ್ಪುಗಾರರು ಬಂದು "ಇದೆಲ್ಲ ಎಲ್ಲಿಂದ ಸಿಕ್ಕಿತಮ್ಮಾ?" ಎಂದು ಕೇಳಿದರು. ಸತ್ಯವನ್ನೇ ಹೇಳಬೇಕು ಎಂದು ಕಲಿಸಿದವಳು ನಾನೇ. "ನಮ್ಮ ಟೀಚರ ವಾಟ್ಸಾಪಿನಿಂದ ಸರ್" ಎಂದುಬಿಟ್ಟಳು.

ಎರಡು ನಿಮಿಷವೂ ಆಗಲಿಲ್ಲ, ಚಾರ್ಟು ಸ್ಪರ್ಧೆಯಿಂದ ಹೊರಗೆ. ಹುಡುಗಿ ಬಸ್ಸಿನಲ್ಲಿ ಕುಮಟಾ ಸ್ಟ್ಯಾಂಡಿನ ತನಕ ಸದ್ದಿಲ್ಲದೆ ಅತ್ತಳು. ಅವಳನ್ನು ಮನೆಗೆ ಮುಟ್ಟಿಸಲು ಹೊರಟಿದ್ದ ನಾನು ಪಕ್ಕದಲ್ಲಿ ಕೂತು ಕಿಟಕಿಯ ಹೊರಗೆ ನೋಡಿದೆ. ಆ ನೂರರಲ್ಲಿ ಎಪ್ಪತ್ತರ ಮೇಲೆ ನನಗೆ ಮೊದಲೇ ಅನುಮಾನವಿತ್ತು. ಆದರೂ ಕಳಿಸಿದ್ದೆ.

ಈ ವರ್ಷ ಶಾಲೆ ಶುರುವಾದ ವಾರವೇ ಅವಳು ಸ್ಟಾಫ್‌ರೂಮಿನ ಬಾಗಿಲಿಗೆ ಬಂದು, "ಟೀಚರ್, ಈ ಸಲವೂ ನಾನೇ ಹೋಗ್ತೇನೆ" ಎಂದಳು. ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ: ಈ ಹುಡುಗಿ ಎರಡನೇ ಸಲ ಅಳುತ್ತಾ ಬಸ್ ಹತ್ತಬಾರದು. ಮುಂದೆ ಆದದ್ದೆಲ್ಲ ಆ ಹರಕೆಯ ಫಲ.

೧. ಸೀಮೆಸುಣ್ಣದ ವೆಬ್‌ಸೈಟು

ಮೊದಲು ನನ್ನನ್ನೇ ತಿದ್ದಬೇಕೆಂದು ಹೆಡ್‌ಮಾಸ್ತರರು ಭಟ್ಕಳಕ್ಕೆ ಒಂದು ದಿನದ ತರಬೇತಿಗೆ ಕಳಿಸಿದರು. "ಶಾಲಾ ಮಕ್ಕಳಿಗೆ ವಿಶ್ವಾಸಾರ್ಹ ಆನ್‌ಲೈನ್ ಆಕರಗಳು." ಕಲಿಸಲು ಬಂದವನು ಎಳೆ ಹುಡುಗ, ಬಹಳ ಉತ್ಸಾಹಿ. ಅವನು ಲ್ಯಾಪ್‌ಟಾಪು ತೆರೆದದ್ದೇ ತಡ, ಸಭಾಭವನದ ಇಂಟರ್ನೆಟ್ಟು ಹೋಯಿತು. ನಮ್ಮ ಮೊಬೈಲುಗಳಲ್ಲೂ ಇಲ್ಲ. ಅವನು ಎದೆಗುಂದಲಿಲ್ಲ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದೊಂದು ಚೌಕ ಬರೆದು, "ಇದು ವೆಬ್‌ಸೈಟು ಅಂತ ತಿಳ್ಕೊಳ್ಳಿ" ಎಂದ.

ಮೂರು ತಾಲ್ಲೂಕಿನ ನಲವತ್ತು ಮಂದಿ ಆ ಚೌಕವನ್ನು ಮುಕ್ಕಾಲು ಗಂಟೆ ದಿಟ್ಟಿಸಿದೆವು. ನನ್ನ ಪಕ್ಕದಲ್ಲಿ ಭಟ್ಕಳದವರೇ ಆದ ಒಬ್ಬ ಟೀಚರು ಕೂತಿದ್ದರು. ಮನೆಮಾತು ನವಾಯತಿ, ಕನ್ನಡ ನನಗಿಂತ ಚುರುಕು. ಅವರು ಕೈ ಎತ್ತಿ, "ಸರ್, ಇದರಲ್ಲಿ ಬರೆದವರ ಹೆಸರೇ ಇಲ್ಲವಲ್ಲ, ನಂಬೋದು ಹೇಗೆ?" ಎಂದರು. ಹುಡುಗ ಖುಷಿಯಾಗಿ ಚೌಕದೊಳಗೆ ತನ್ನ ಹೆಸರು ಬರೆದ. "ದಿನಾಂಕ?" ಅಂದರು ಇವರು. ಅಂದಿನ ದಿನಾಂಕ ಬರೆದ. "ಈಗ ನಂಬಬಹುದಾ?" "ಈಗ ಧಾರಾಳವಾಗಿ ನಂಬಿ ಮೇಡಮ್." ನಾವೆಲ್ಲ ಆ ಖಾಲಿ ಚೌಕವನ್ನು ಪುಸ್ತಕಕ್ಕೆ ಇಳಿಸಿಕೊಂಡೆವು.

ಊಟದ ನಂತರ ಐದು ನಿಯಮ ಸಿಕ್ಕವು. ಬರೆದವರು ಯಾರು ನೋಡಿ. ಎಂದು ಬರೆದದ್ದು ನೋಡಿ. ಅವರಿಗೆ ಆ ವಿಷಯ ಗೊತ್ತಿದೆಯೇ ನೋಡಿ. ಏನನ್ನಾದರೂ ಮಾರಲು ಹೊರಟಿದ್ದಾರೆಯೇ ನೋಡಿ. ಕೊನೆಯದಾಗಿ, ಎರಡು ಕಡೆ ತಾಳೆ ನೋಡಿ. ಸಂಜೆ ಪ್ರಮಾಣಪತ್ರವನ್ನೂ ಕೊಟ್ಟರು. ಬಸ್ಸಿನಲ್ಲಿ ಕೂತು ಬಿಡಿಸಿ ನೋಡಿದರೆ, ನನ್ನ ಹೆಸರಿನ ಹಿಂದೆ "ಶ್ರೀ" ಇದೆ, ನನ್ನ ಶಾಲೆ ಭಟ್ಕಳ ತಾಲ್ಲೂಕಿಗೆ ಹೋಗಿದೆ, ದಿನಾಂಕ ಮರುದಿನದ್ದು. ಸಹಿ, ಮೊಹರು ಎಲ್ಲ ಸರಿಯಾಗಿದೆ. ಐದು ನಿಯಮದ ಪ್ರಕಾರ ನೋಡಿದರೆ ನಾನು ಭಟ್ಕಳ ತಾಲ್ಲೂಕಿನ ಒಬ್ಬ ಗಂಡಸು, ತರಬೇತಿಗೆ ನಾಳೆ ಹೋಗುವವನು.

೨. ತಾಳೆ ನೋಡಿದ್ದು

ನಮ್ಮ ಹೆಡ್‌ಮಾಸ್ತರರಿಗೆ ಗಾದೆಗಳ ಹುಚ್ಚು. ಒಂಬತ್ತನೇ ತರಗತಿಯ ಗೋಡೆಯ ಮೇಲೆ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ಬಣ್ಣದಲ್ಲಿ ಬರೆಸಿದ್ದಾರೆ. ಅದರ ಕೆಳಗೆ ನನ್ನ ಐದು ನಿಯಮ ಅಂಟಿಸಿದೆ. ಇಡೀ ತರಗತಿಗೆ ಒಂದೊಂದು ವಿಷಯ ಕೊಟ್ಟು, ನಂಬಲರ್ಹ ಮಾಹಿತಿ ಹುಡುಕಿ ತನ್ನಿ ಎಂದೆ.

ಒಬ್ಬ ಹುಡುಗ ಬಂಗಡೆ ಮೀನಿನ ಮೇಲೆ ನಾಲ್ಕು ಪುಟ ತಂದ. ಚೆನ್ನಾಗಿತ್ತು. "ಎರಡು ಕಡೆ ತಾಳೆ ನೋಡಿದೆಯಾ?" ಎಂದೆ.

"ನೋಡ್ದೆ ಟೀಚರ್. ಮೊದ್ಲು ಕುಮಟಾದ ಕಂಪ್ಯೂಟರ್ ಅಂಗಡಿಯಲ್ಲಿ ತೆಗೆಸ್ದೆ. ಮತ್ತೆ ಬಸ್ ಹತ್ತಿ ಹೊನ್ನಾವರಕ್ಕೆ ಹೋಗಿ ಅಲ್ಲಿನ ಅಂಗಡಿಯಲ್ಲೂ ಅದೇ ತೆಗೆಸ್ದೆ."

ಚೀಲದಿಂದ ಇನ್ನೂ ನಾಲ್ಕು ಪುಟ ಹೊರಗೆ ಬಂದವು. ಅವವೇ ಪುಟಗಳು. "ಎರಡೂ ಕಡೆ ಕೂತು ಸಾಲು ಸಾಲು ಓದ್ದೆ ಟೀಚರ್. ಒಂದಕ್ಷರ ಫರಕಿಲ್ಲ. ಪೂರಾ ನಂಬ್ಲಕ್ಕು."

ಬೈಯೋಣ ಎಂದರೆ ಪಾಪ, ಅರ್ಧ ದಿನ ಬಸ್ಸಿನಲ್ಲಿ ಓಡಾಡಿದ್ದಾನೆ. "ಹಾಗಲ್ಲ ಮಾರಾಯ, ಬೇರೆಯವರು ಬರೆದದ್ದನ್ನು ನೋಡಬೇಕು" ಎಂದು ಬಿಡಿಸಿ ಹೇಳಿದೆ. ಅವನು ಎಂಟೂ ಪುಟ ಚೀಲಕ್ಕೆ ತುರುಕುತ್ತಾ, "ಹಂಗಾದ್ರೆ ಅಂಕೋಲಾಕ್ಕೆ ಹೋಗ್ಬೇಕಾ ಟೀಚರ್?" ಎಂದ.

೩. ಸೌಟು

ಮರುವಾರ ಒಬ್ಬ ಹುಡುಗನ ತಾಯಿ ಸಿಟ್ಟಿನಿಂದ ಶಾಲೆಗೆ ಬಂದರು. ನಮ್ಮ ಕಡೆ ಹಳಬರು ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಬಾಗಿಲಿಂದಲೇ ಶುರು: "ಅಕ್ಕೋರೆ, ನಮ್ಮ ಮಾಣಿಗೆ ಎಂತ ಕಲಿಸಿದ್ರಿ ನೀವು? ಮನೇಲಿ ಮಾತಾಡೂದೇ ಕಷ್ಟ ಆಗದೆ. ಮಳೆ ಬತ್ತದೆ, ಕೊಡೆ ತಕಂಡು ಹೋಗು ಅಂದ್ರೆ, ಯಾರು ಹೇಳಿದ್ದು ಅಂತಾನೆ. ನಾನು ಹೇಳಿದ್ದು ಅಂದ್ರೆ, ನಿಂಗೆ ಮಳೆ ವಿಷಯ ಗೊತ್ತದ್ಯಾ ಅಂತಾನೆ. ಅವ್ರ ಅಪ್ಪ ಗಂಜಿ ಚೊಲೊ ಆಗದೆ ಅಂದ್ರೆ, ನೀನು ಅಮ್ಮನ ಕಡೆಯವ, ನಂಬೂದಿಲ್ಲ ಅಂತಾನೆ!"

ನನಗೆ ಒಳಗೊಳಗೇ ಹೆಮ್ಮೆ. ಇಡೀ ಶಾಲೆಯಲ್ಲಿ ಐದೂ ನಿಯಮ ಅರ್ಥವಾದ ಒಬ್ಬನಾದರೂ ಸಿಕ್ಕ. ಮುಖ ಗಂಭೀರ ಮಾಡಿಕೊಂಡು, "ಮತ್ತೆ ನೀವು ಏನು ಮಾಡಿದಿರಿ?" ಎಂದೆ.

"ಎಂತ ಮಾಡೂದು, ಸೌಟು ತೋರಿಸ್ದೆ."

"ಆಮೇಲೆ?"

"ಕೂಡ್ಲೇ ನಂಬ್ದ."

೪. ನೀವು ಓದದ ಗ್ರಂಥ

ಇಷ್ಟರಲ್ಲಿ ನಮ್ಮ ಹುಡುಗಿಗೆ ತೀರ್ಪುಗಾರರ ಎದುರು ಮಾತಾಡುವ ಅಭ್ಯಾಸ ಮಾಡಿಸಬೇಕಿತ್ತು. ಆ ಕೆಲಸವನ್ನು ಕನ್ನಡ ಮಾಸ್ತರರಿಗೆ ಒಪ್ಪಿಸಿದೆ. ಅವರು ಹೊನ್ನಾವರದ ಹತ್ತಿರದ ಕರ್ಕಿಯವರು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅಂದರೆ ವೇಷವಿಲ್ಲದೆ ಬರೀ ಮಾತಿನಲ್ಲೇ ಕೃಷ್ಣನಾಗಿ, ಕರ್ಣನಾಗಿ ಎದುರಿನವರ ಜೊತೆ ವಾದಕ್ಕೆ ನಿಲ್ಲುವವರು. ಇಪ್ಪತ್ತು ವರ್ಷದ ಅನುಭವ.

ಎರಡು ದಿನ ಬಿಟ್ಟು ಕಿಟಕಿಯಿಂದ ಇಣುಕಿ ನೋಡಿದೆ. ಮಾಸ್ತರರು ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. "ತೀರ್ಪುಗಾರರು ಆಧಾರ ಕೇಳಿದರೆ ಮೊದಲು ಮುಗುಳ್ನಗಬೇಕು. ನಗು ನೋಡಿ ಅವರಿಗೇ ಅನುಮಾನ ಬರಬೇಕು, ತಾವು ಕೇಳಿದ್ದು ತಪ್ಪಾಯಿತೋ ಅಂತ. ಆಮೇಲೆ ಒಂದು ಶ್ಲೋಕ ಬಿಡು."

"ಯಾವ ಶ್ಲೋಕ ಮಾಸ್ತರೆ?"

"ಬಾಯಿಗೆ ಬಂದದ್ದು. ಸ್ವರ ಏರಿಸಿದರೆ ಆಯಿತು."

ನಾನು ಒಳಗೆ ನುಗ್ಗಿದೆ. "ಮಾಸ್ತರೆ, ಅವಳಿಗೆ ಆಧಾರ ಕೊಡುವುದನ್ನು ಕಲಿಸಿ ಎಂದರೆ ಆಧಾರವಿಲ್ಲದೆ ಗೆಲ್ಲುವುದನ್ನು ಕಲಿಸುತ್ತಿದ್ದೀರಲ್ಲ!"

ಅವರು ಕೊಂಚವೂ ಬೇಸರಪಡಲಿಲ್ಲ. "ಅಕ್ಕೋರೆ, ಒಂದು ಸಲ ನಾನು ಭೀಷ್ಮ. ಒಂದು ಮಾತು ಹೇಳಿದೆ. ಎದುರಿದ್ದ ಕೃಷ್ಣ ಬಹಳ ಓದಿದವರು. ಸೀದಾ ಕೇಳಿಬಿಟ್ಟರು, ಇದು ಯಾವ ಗ್ರಂಥದಲ್ಲಿದೆ ಅಂತ. ನಾನು ನಿಧಾನಕ್ಕೆ ಹೇಳಿದೆ, ನೀವು ಓದದ ಗ್ರಂಥದಲ್ಲಿ. ಇಡೀ ಸಭೆ ಚಪ್ಪಾಳೆ."

"ಯಾವ ಗ್ರಂಥ ಅದು, ನಿಜವಾಗಿ?"

"ಅದನ್ನು ನಾನೂ ಓದಿಲ್ಲ."

೫. ಕೆಂಪು ಶಾಯಿ

ಹುಡುಗಿ ಆರಿಸಿಕೊಂಡ ವಿಷಯ ಮಾತ್ರ ಅವಳದೇ. ನಮ್ಮ ಹೊಳೆಯ ಅಳಿವೆಯ ಬದಿಗೆ ಗಜನಿ ಎಂಬ ಗದ್ದೆಗಳಿವೆ. ಉಬ್ಬರ ಬಂದಾಗ ಉಪ್ಪುನೀರು ನುಗ್ಗುವ ನೆಲ. ಬೇರೆ ಭತ್ತವಾದರೆ ಅಲ್ಲಿ ಕರಟಿಹೋಗುತ್ತದೆ. ಕಗ್ಗ ಎಂಬ ಒಂದು ಭತ್ತ ಮಾತ್ರ ಆ ನೀರಿನಲ್ಲೂ ಬದುಕುತ್ತದೆ. ಹುಡುಗಿಯ ಮನೆಯವರಿಗೂ ಒಂದು ತುಂಡು ಗಜನಿ ಇದೆ. ಅವಳ ಅಜ್ಜಿ ಇವತ್ತಿಗೂ ಅದರಲ್ಲಿ ಕಗ್ಗ ಬೆಳೆಯುತ್ತಾರೆ.

ಪುಸ್ತಕ ತಂದು ತೋರಿಸಿದಳು. ಇಪ್ಪತ್ತೆರಡು ವಾಕ್ಯ. ಬೀಜ ಯಾವಾಗ ಬಿತ್ತುವುದು, ಒಡ್ಡು ಹೇಗೆ ಕಟ್ಟುವುದು, ಹಕ್ಕಿ ಹೇಗೆ ಓಡಿಸುವುದು, ಸಸಿ ನಾಟಿ ಮಾಡುವಾಗ ಹೇಳುವ ಹಾಡು ಯಾವುದು, ಎಲ್ಲ ಇದೆ. ಪ್ರತಿ ವಾಕ್ಯದ ಮುಂದೆ ಗುಂಡಗಿನ ಅಕ್ಷರದಲ್ಲಿ: "ಆಕರ: ಅಜ್ಜಿ."

ನನಗೆ ಹೋದ ವರ್ಷದ ಬಸ್ಸು ಕಣ್ಣಮುಂದೆ ಬಂತು. ಕೆಂಪು ಪೆನ್ನು ತೆಗೆದು ಇಪ್ಪತ್ತೆರಡು ಅಜ್ಜಿಯನ್ನೂ ಹೊಡೆದುಹಾಕಿದೆ. "ಹೀಗೆ ಬರೆದರೆ ನಡೆಯುವುದಿಲ್ಲ ಮಗಾ."

"ಎಂತಕ್ಕೆ ಟೀಚರ್? ಅಜ್ಜಿಗೆ ಹೆಸರದೆ. ದಿನಾಂಕ ಅದೆ, ನಿನ್ನೆ ಸಂಜೆ ಹೇಳಿದ್ದು. ವಿಷಯ ಗೊತ್ತದೆ. ಎಂತದನ್ನೂ ಮಾರೂದಿಲ್ಲ."

ನಾಲ್ಕು ನಿಯಮ ಪಾಸು. ಕೊನೆಗೆ, "ಅಜ್ಜಿ ಆನ್‌ಲೈನಿನಲ್ಲಿ ಇಲ್ಲವಲ್ಲ" ಎಂದೆ. ಹುಡುಗಿ ತಲೆತಗ್ಗಿಸಿ ಹೋದಳು.

ಮುಂದಿನ ಮೂರು ವಾರ ನಾವಿಬ್ಬರೂ ಶಾಲೆಯ ಕಂಪ್ಯೂಟರಿನ ಮುಂದೆ. ಕಗ್ಗ ಭತ್ತ ಎಂದು ಹುಡುಕಿದರೆ ಒಂದು ಕಡೆ ಅಕ್ಕಿ ಮಾರುವ ಅಂಗಡಿ ತೆರೆದುಕೊಂಡಿತು. ಕೆಂಪಕ್ಕಿ ಎಂದು ಬರೆದು ಮಲ್ಲಿಗೆಯಷ್ಟು ಬೆಳ್ಳಗಿನ ಅಕ್ಕಿಯ ಚಿತ್ರ ಹಾಕಿದ್ದರು. ಇನ್ನೊಂದು ವಿಡಿಯೋದಲ್ಲಿ ಒಬ್ಬರು "ಇದೇ ನೋಡಿ ಕರಾವಳಿಯ ಭತ್ತ" ಎನ್ನುತ್ತಾ ಗೋಧಿ ಹೊಲದಲ್ಲಿ ನಡೆಯುತ್ತಿದ್ದರು. ಮತ್ತೊಂದು ಕಡೆ ಎಲ್ಲವೂ ಸುಂದರವಾದ ಕನ್ನಡದಲ್ಲಿತ್ತು, ಆದರೆ ಕಗ್ಗವನ್ನು ಬಾವಿಯ ಸಿಹಿನೀರಿನಲ್ಲಿ ಬೆಳೆಯಬೇಕು ಎಂದಿತ್ತು. ಹುಡುಗಿ ಅದನ್ನು ಓದಿ, "ಅಜ್ಜಿಗೆ ಹೇಳಿದ್ರೆ ನಗ್ತಾಳೆ" ಎಂದಳು. ನಾನು "ಅಜ್ಜಿಯ ಸುದ್ದಿ ಬೇಡ" ಎಂದೆ.

ಕೊನೆಗೊಂದು ದಿನ ಸಿಕ್ಕಿತು! ಒಬ್ಬ ಕಾಲೇಜು ಉಪನ್ಯಾಸಕರ ಲೇಖನ. ಹೆಸರಿದೆ, ದಿನಾಂಕವಿದೆ, ಏನನ್ನೂ ಮಾರುತ್ತಿಲ್ಲ. ಹುಡುಗಿಯ ಇಪ್ಪತ್ತೆರಡು ವಾಕ್ಯದಲ್ಲಿ ಇಪ್ಪತ್ತೊಂದು ಅದರಲ್ಲಿ ಇದ್ದ ಹಾಗೆಯೇ ಇವೆ. ಒಂದು ಮಾತ್ರ ಬೇರೆ. ಒಳ್ಳೆಯ ವರ್ಷದಲ್ಲಿ ಅಂಥ ಒಂದು ತುಂಡು ಗಜನಿಯಲ್ಲಿ ಮೂರು ಚೀಲ ಭತ್ತ ಆಗುತ್ತದೆ ಎಂದು ಲೇಖನ. ಎಂಟು ಎಂದು ಅಜ್ಜಿ.

"ಅಜ್ಜಿಗೆ ವಯಸ್ಸಾಯಿತು, ಮರೆತಿರಬಹುದು. ಮೂರು ಎಂದು ಬರಿ" ಎಂದೆ. ಹುಡುಗಿ ಬರೆದಳು. ನಾನು ಗೆದ್ದ ಖುಷಿಯಲ್ಲಿ ಪುಟವನ್ನು ಕೆಳಗೆ ಸರಿಸಿದೆ. ಕೊನೆಯಲ್ಲಿ ಒಂದು ಫೋಟೋ ಇತ್ತು. ಅಂಗಳದಲ್ಲಿ ಮೊರ ಹಿಡಿದು ಭತ್ತ ತೂರುತ್ತಿರುವ ಒಬ್ಬ ಮುದುಕಿ. ಅದರ ಕೆಳಗೆ: "ಈ ಲೇಖನದ ಮಾಹಿತಿ ನೀಡಿದ ಹಿರಿಯ ರೈತ ಮಹಿಳೆ."

ಹುಡುಗಿ ತೆರೆಯ ಹತ್ತಿರ ಬಗ್ಗಿದಳು.

"ಟೀಚರ್... ಇದು ನಮ್ಮಜ್ಜಿ."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಾನು ಅಲೆದದ್ದು ಸಾಲದು ಎಂದು, ಬೆಣ್ಣೆಯ ಮೇಲೆ ಇಪ್ಪತ್ತೆರಡು ಸಲ ಕೆಂಪು ಶಾಯಿಯನ್ನೂ ಚೆಲ್ಲಿದ್ದೆ.

೬. ಎಂಟರೊಳಗೆ ಮೂರು

ಆದರೂ ಲೆಕ್ಕ ಬಗೆಹರಿಯಲಿಲ್ಲ. ಅದೇ ಅಜ್ಜಿ ಲೇಖಕರಿಗೆ ಮೂರು ಎಂದಿದ್ದಾರೆ, ಮೊಮ್ಮಗಳಿಗೆ ಎಂಟು ಎಂದಿದ್ದಾರೆ. ನನಗೆ ನಿದ್ದೆ ಬಾರದಂತಾಯಿತು. ಭಾನುವಾರ ಅವರ ಮನೆಗೇ ಹೋದೆ.

ಅಜ್ಜಿ ಜಗಲಿಯಲ್ಲಿ ಕೂತು ಮೀನು ಹೆಚ್ಚುತ್ತಿದ್ದರು. "ಬನ್ನಿ ಅಕ್ಕೋರೆ. ಚಾ ಕುಡೀರಿ" ಎಂದರು. "ಚಾ ಬೇಡ ಅಜ್ಜಿ, ಒಂದು ವಿಷಯ ಕೇಳಬೇಕಿತ್ತು" ಎಂದೆ. "ಚಾ ಕುಡೀರಿ" ಎಂದರು ಮತ್ತೆ, ನಾನು ಏನೂ ಹೇಳಿಯೇ ಇಲ್ಲವೆಂಬಂತೆ. ಕುಡಿದೆ. ಆಮೇಲೆ ಕೇಳಿದೆ.

"ಓ, ಅವ್ರಾ? ಬಂದಿದ್ರು. ಪೆನ್ನು ಹಿಡ್ಕಂಡು ಬಂದಿದ್ರು. ಎಲ್ಲಾ ಕೇಳಿದ್ರು, ಎಲ್ಲಾ ಹೇಳ್ದೆ. ಎಷ್ಟು ಚೀಲ ಆತದೆ ಅಂತನೂ ಕೇಳಿದ್ರು. ಗುರ್ತಿಲ್ಲ, ಪರಿಚಯ ಇಲ್ಲ, ಕೊಟ್ಟ ಚಾ ಕುಡೀಲಿಲ್ಲ. ಅಂಥವ್ರಿಗೆ ಬೆಳೆದದ್ದು ಎಂತಕ್ಕೆ ಹೇಳ್ಬೇಕು? ದೃಷ್ಟಿ ಬೀಳ್ತದೆ. ಮೂರು ಅಂದೆ."

"ಅದು ಸುಳ್ಳಾಗಲಿಲ್ಲವಾ ಅಜ್ಜಿ?"

ಅಜ್ಜಿಗೆ ನಿಜವಾಗಿಯೂ ಬೇಜಾರಾಯಿತು. "ಸುಳ್ಳು ಎಂತಕ್ಕೆ ಆತದೆ? ಎಂಟರೊಳಗೆ ಮೂರು ಇರೂದಿಲ್ಲಾ?"

ಗಣಿತದ ಪ್ರಕಾರ ಇರುತ್ತದೆ. ನಾನು ತಲೆ ಕೆರೆದುಕೊಂಡು, "ಹಾಗಾದರೆ ಎಂಟೇ ನಿಜ ತಾನೆ?" ಎಂದೆ.

"ನೀವು ಮಕ್ಳಿಗೆ ಕಲಿಸೂರು. ನಮ್ಮನೇಲಿ ಚಾ ಕುಡ್ದವ್ರು. ನಿಮ್ಗೆ ಸುಳ್ಳು ಹೇಳ್ಲಾ ನಾನು? ಎಂಟು."

ಮರುದಿನ ಹುಡುಗಿಯ ಪುಸ್ತಕ ತರಿಸಿ ಮೂರನ್ನು ಹೊಡೆದು ಎಂಟು ಮಾಡಿದೆ. ಇಪ್ಪತ್ತೆರಡು ಕಡೆಯೂ "ಆಕರ: ಅಜ್ಜಿ" ಎಂದು ನನ್ನ ಕೈಯಾರೆ ಮತ್ತೆ ಬರೆದು, "ತಪ್ಪು ನನ್ನದು ಮಗಾ" ಎಂದೆ. ಅದೂ ಕೆಂಪು ಶಾಯಿಯಲ್ಲೇ. ಬೇರೆ ಪೆನ್ನು ಹತ್ತಿರ ಇರಲಿಲ್ಲ.

ಹುಡುಗಿ ನಗಲಿಲ್ಲ. ಗೋಡೆಯ ಮೇಲಿನ ಐದನೇ ನಿಯಮವನ್ನೇ ನೋಡುತ್ತಾ ನಿಂತಿದ್ದಳು. ಆಗ ನನಗೆ ಅದರ ಅರ್ಥ ಆಗಲಿಲ್ಲ.

೭. ಹೊನ್ನಾವರದಲ್ಲಿ

ಪ್ರದರ್ಶನದ ದಿನ ನಾವು ನಾಲ್ವರು: ನಾನು, ಹುಡುಗಿ, ಕರ್ಕಿಯ ಮಾಸ್ತರರು ಮತ್ತು ಅಜ್ಜಿ. "ಹೋದ ವರ್ಷ ಕೂಸು ಅತ್ತಂಡು ಬಂದಿತ್ತು. ಈ ಸಲ ನಾನೂ ಬತ್ತೇನೆ" ಎಂದು ಅಜ್ಜಿ ಬೆಳಿಗ್ಗೆಯೇ ಹೂ ಮುಡಿದು ಹೊರಟುನಿಂತಿದ್ದರು.

ಚಾರ್ಟು ತೂಗುಹಾಕುವಾಗ ನೋಡಿದೆ. ಎಂಟು ಎಂಬುದರ ಮೇಲೆ ಚಿಕ್ಕ ಚೀಟಿ ಅಂಟಿಸಿ, ಚೀಟಿಯ ಮೇಲೆ ಮತ್ತೆ ಎಂಟು ಎಂದು ಬರೆದಿದ್ದಾಳೆ. "ಇದೇನು?" ಎಂದೆ. "ಅಲ್ಲಿ ಸ್ವಲ್ಪ ತಪ್ಪಾಗಿತ್ತು ಟೀಚರ್" ಎಂದಳು. ಗಡಿಬಿಡಿಯಲ್ಲಿ ನಾನು ಮುಂದೆ ಕೇಳಲಿಲ್ಲ.

ತೀರ್ಪುಗಾರರು ಬಂದರು. ಕನ್ನಡಕದ ಸಮಾಧಾನದ ಮನುಷ್ಯ. ಒಂದೊಂದೇ ಸಾಲು ಓದುತ್ತಾ ತಲೆದೂಗಿದರು. ನನ್ನ ಉಸಿರು ಸರಾಗವಾಯಿತು. ಅಷ್ಟರಲ್ಲಿ ಅವರ ಬೆರಳು ಚೀಟಿಯ ಮೇಲೆ ನಿಂತಿತು.

"ಎಂಟು ಚೀಲ? ಇದು ಎಲ್ಲಿಂದ ಬಂತಮ್ಮಾ?"

"ಅಜ್ಜಿ ಹೇಳಿದ್ದು ಸರ್."

ಅದೇ ಪ್ರಶ್ನೆ, ಹೆಚ್ಚುಕಮ್ಮಿ ಅದೇ ಉತ್ತರ. ಹೊರಗೆ ಕುಮಟಾ ಬಸ್ಸು ಹಾರ್ನ್ ಹೊಡೆದದ್ದೂ ಕೇಳಿಸಿತು.

"ಇದರ ಬಗ್ಗೆ ಆನ್‌ಲೈನಿನಲ್ಲಿ ಒಂದು ಲೇಖನ ಇದೆ. ನಂಬಲರ್ಹವಾದದ್ದು. ಅದರಲ್ಲಿ ಮೂರು ಅಂತ ಇದೆ. ನೋಡಲಿಲ್ಲವಾ?"

"ನೋಡ್ದೆ ಸರ್. ಅದು ತಪ್ಪು."

"ತಪ್ಪು ಅಂತ ಹೇಗೆ ಹೇಳ್ತೀ? ಅದನ್ನು ಬರೆದವನೇ ನಾನು."

ಕನ್ನಡ ಮಾಸ್ತರರು ನನ್ನ ಹಿಂದೆಯೇ ನಿಂತಿದ್ದರು. ಶ್ಲೋಕವೇನಾದರೂ ಬರುತ್ತದೋ ಎಂದು ತಿರುಗಿ ನೋಡಿದೆ. ಇಪ್ಪತ್ತು ವರ್ಷ ಅರ್ಥ ಹೇಳಿದ ಬಾಯಿ ತೆರೆದದ್ದು ತೆರೆದೇ ಇತ್ತು.

ಹುಡುಗಿ ಮುಗುಳ್ನಗಲಿಲ್ಲ, ಸ್ವರವನ್ನೂ ಏರಿಸಲಿಲ್ಲ. ತನ್ನ ಮಾಮೂಲಿ ಸಣ್ಣ ಸ್ವರದಲ್ಲಿ ಹೇಳಿದಳು: "ನಿಮಗೆ ಹೇಳಿದ್ದೂ ನಮ್ಮಜ್ಜಿಯೇ ಸರ್. ಅಲ್ಲಿ ಬೆಂಚಿನ ಮೇಲೆ ಕೂತಿದಾಳೆ."

ತೀರ್ಪುಗಾರರು ತಿರುಗಿ ನೋಡಿದರು. ಬೆಂಚಿನ ಹತ್ತಿರ ಹೋದರು. ಸುತ್ತ ಮೂರೂ ತಾಲ್ಲೂಕಿನ ಮಕ್ಕಳು, ಮಾಸ್ತರುಗಳು ನೆರೆದರು. "ಅಜ್ಜೀ, ನನ್ನ ಗುರುತು ಸಿಕ್ತಾ?"

"ಸಿಕ್ದೆ ಎಂತ? ಚಾ ಕುಡೀದೆ ಹೋದವ್ರಲ್ಲಾ ನೀವು."

"ಹಾಂ, ನಾನೇ. ಈಗ ಒಂದು ಹೇಳಿಬಿಡಿ ಅಜ್ಜಿ. ಒಳ್ಳೆ ವರ್ಷದಲ್ಲಿ ನಿಮ್ಮ ಗಜನಿಯಲ್ಲಿ ಖರೇ ಎಷ್ಟು ಚೀಲ ಆಗ್ತದೆ?"

ಅಜ್ಜಿ ಅವರ ಮುಖ ನೋಡಿದರು. ಅವರ ಕೈಯ ಪೆನ್ನು ನೋಡಿದರು. ಸುತ್ತ ನಿಂತ ನೂರೈವತ್ತು ಅಪರಿಚಿತ ಮುಖಗಳನ್ನು ನಿಧಾನಕ್ಕೆ ನೋಡಿ ಮುಗಿಸಿದರು.

"ಎರಡು" ಎಂದರು.

ಸಭೆಯಲ್ಲಿ ನಗು ಎದ್ದಿತು. ನನಗೆ ಮಾತ್ರ ನೆಲ ಕುಸಿಯಬಾರದೇ ಎನ್ನಿಸಿತು. ಆಗ ಹುಡುಗಿ ಚಾರ್ಟಿನ ಮೇಲಿನ ಚೀಟಿಯನ್ನು ಮೆಲ್ಲಗೆ ಎತ್ತಿದಳು. ಅದು ಮೇಲಂಚಿಗೆ ಮಾತ್ರ ಅಂಟಿಸಿದ ಚೀಟಿ. ಅದರ ಒಳಮೈಯಲ್ಲಿ ಚಿಕ್ಕ ಅಕ್ಷರದಲ್ಲಿ ಹೀಗಿತ್ತು:

"ಬೆಳೆ ಎಷ್ಟು ಎಂದು ಕೇಳಿದಾಗ ಅಜ್ಜಿ ಹೇಳಿದ್ದು. ಚಾ ಕುಡಿಯದವರಿಗೆ ಮೂರು. ಚಾ ಕುಡಿದ ಟೀಚರಿಗೆ ಎಂಟು. ನನಗೂ ಎಂಟು. ಎರಡು ಕಡೆ ತಾಳೆ ನೋಡಬೇಕು ಎಂಬ ನಿಯಮ ಇರುವುದರಿಂದ, ಈ ವರ್ಷ ಕೊಯ್ಲಾದ ಮೇಲೆ ಅಜ್ಜಿ ಪೇಟೆಗೆ ಹೋದಾಗ ನಾನೇ ಒಳಕೋಣೆಗೆ ಹೋಗಿ ಎಣಿಸಿದೆ. ಹನ್ನೊಂದು."

ಹುಡುಗಿ ಪೆನ್ಸಿಲ್ ತೆಗೆದು ಅಲ್ಲೇ ಇನ್ನೊಂದು ಸಾಲು ಸೇರಿಸಿದಳು: "ಸಭೆಯಲ್ಲಿ ಕೇಳಿದರೆ ಎರಡು."

ತೀರ್ಪುಗಾರರು ಅದನ್ನು ಒಮ್ಮೆ ಮನಸ್ಸಿನಲ್ಲೇ, ಇನ್ನೊಮ್ಮೆ ಎಲ್ಲರಿಗೂ ಕೇಳುವಂತೆ ಓದಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಗುವಿಗೋ ಮತ್ತೇನಕ್ಕೋ ಗೊತ್ತಾಗಲಿಲ್ಲ. "ನಾನು ಒಂದು ಸಲ ಕೇಳಿ ಬರೆದುಬಿಟ್ಟೆ. ನೀನು ನಿನ್ನ ಅಜ್ಜಿಯನ್ನೂ ಬಿಡಲಿಲ್ಲ. ಲೇಖನ ತಿದ್ದುತ್ತೇನೆ, ಆಕರ ಅಂತ ನಿನ್ನ ಹೆಸರು ಹಾಕುತ್ತೇನೆ" ಎಂದರು. ಹುಡುಗಿಗೆ ಎರಡನೇ ಬಹುಮಾನ ಬಂತು. ಮೊದಲನೆಯದು ದೀಪ ಹತ್ತಿ ಆರುವ ಒಂದು ಜ್ವಾಲಾಮುಖಿಗೆ. ದೀಪದ ಎದುರು ಯಾರು ತಾನೆ ನಿಲ್ಲಲಾದೀತು? ನಾನಂತೂ ಎರಡು ಕೈಯಲ್ಲೂ ಅವಳ ಮುಖ ಹಿಡಿದು, ಎಲ್ಲರೆದುರು ಅತ್ತೇಬಿಟ್ಟೆ. ಒಟ್ಟಿನಲ್ಲಿ ಆ ಪ್ರದರ್ಶನದಲ್ಲಿ ನಮ್ಮ ಶಾಲೆಯಿಂದ ಯಾರಾದರೂ ಒಬ್ಬರು ಅಳಲೇಬೇಕು ಎಂದಿತ್ತೇನೋ.

ಕುಮಟಾ ಬಸ್ಸಿನಲ್ಲಿ ಹುಡುಗಿ ಮುಂದಿನ ಸೀಟಿನಲ್ಲಿ ಮಾಸ್ತರರ ಪಕ್ಕ ಕೂತು ನಗುತ್ತಾ ಬಂದಳು. ಅಷ್ಟು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಮಾಸ್ತರರು ಮುಂದಿನ ತಾಳಮದ್ದಳೆಗೆ ಆ ಚೀಟಿಯ ಉಪಾಯವನ್ನು ಅವಳಿಂದ ಕಲಿಯುತ್ತಿದ್ದರು. ನನ್ನ ಪಕ್ಕದಲ್ಲಿ ಅಜ್ಜಿ ಮುಖ ಊದಿಸಿಕೊಂಡು ಕೂತಿದ್ದರು. ಮನೆಯ ಬೆಳೆ ಮೂರು ತಾಲ್ಲೂಕಿಗೆ ಗೊತ್ತಾಗಿಹೋಯಿತಲ್ಲ.

ಹೊನ್ನಾವರ ಸ್ಟ್ಯಾಂಡಿನಲ್ಲಿ ನಾನೇ ಅವರಿಗೆ ಚಾ ಕೊಡಿಸಿದ್ದೆ. ಆ ಧೈರ್ಯದಲ್ಲಿ ಮೆಲ್ಲಗೆ ಹೇಳಿದೆ, "ಅಜ್ಜಿ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಲೆಕ್ಕದಲ್ಲಿ ಹನ್ನೊಂದರೊಳಗೆ ಎಂಟೂ ಇರುತ್ತದೆ, ಮೂರೂ ಇರುತ್ತದೆ. ಅಂತೂ ಕೊನೆಗೆ ಹುಡುಗಿ ಕಣ್ಣಾರೆ ಕಂಡು ಎಣಿಸಿದಳಲ್ಲ, ನಿಜ ಗೊತ್ತಾಯಿತು."

ಅಜ್ಜಿ ಮುಂದಿನ ಸೀಟಿನ ಕಡೆ ಒಮ್ಮೆ ನೋಡಿದರು. ಮೊಮ್ಮಗಳು ಕೇಳಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅದೆಂತ ಕಂಡದೆ ಅಕ್ಕೋರೆ, ಕೂಸು. ಅದು ಎಣಿಸಿದ್ದು ಒಳಕೋಣೇದು ಮಾತ್ರ."